ಆಯುಧಪೂಜೆಗೆ ಮುಂಚೆ ಒಂದು ಸೆಲ್

ನವರಾತ್ರಿ ಹತ್ತಿರ ಬಂತೆಂದರೆ ಅಬ್ಬಿಗೆರೆ, ಪೀಣ್ಯದ ನನ್ನ ಗಿರಾಕಿಗಳಿಗೆಲ್ಲ ಫೋನ್ ಮಾಡುತ್ತೇನೆ. ಕೇಳುವುದು ಒಂದೇ ಮಾತು: "ಈ ವರ್ಷ ಸೆಲ್ ಹಾಕಿಸಿದ್ರಾ?" ಬೂದುಗುಂಬಳ, ಬಾಳೆಕಂದು, ನಿಂಬೆಹಣ್ಣು ಎಂದು ಪಟ್ಟಿ ಬರೆಯುವಾಗ ಇದನ್ನೂ ಒಂದು ಸಾಲು ಸೇರಿಸಿಕೊಳ್ಳಿ ಅನ್ನುತ್ತೇನೆ.

ನಾನಿರುವುದು ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ. ಎಚ್‌ಎಂಟಿ ಶುರುವಾದದ್ದು 1953ರಲ್ಲಿ, ಬಿಇಎಲ್ ಮರುವರ್ಷ. ಎರಡೂ ಪಕ್ಕದ ಜಾಲಹಳ್ಳಿಯಲ್ಲೇ ಬೆಳೆದವು. ಅಲ್ಲಿ ದುಡಿದು ನಿವೃತ್ತರಾದವರು ನಮ್ಮ ಬೀದಿಗಳಲ್ಲಿ ಈಗಲೂ ಸಿಗುತ್ತಾರೆ. ಅಂಥವರ ಕೈಕೆಳಗೆ ಕಲಿತವರು ಅಬ್ಬಿಗೆರೆಯಲ್ಲೋ ಕಮ್ಮಗೊಂಡನಹಳ್ಳಿಯಲ್ಲೋ ಶೆಡ್ ಹಿಡಿದು, ಸಾಲ ಮಾಡಿ ಒಂದು ಸಿಎನ್‌ಸಿ ಲೇತ್ ತಂದು, ಜಾಬ್ ವರ್ಕ್ ಮಾಡುತ್ತಾರೆ. ಎಷ್ಟೋ ಮೆಷೀನ್‌ಗಳು ಸೆಕೆಂಡ್ ಹ್ಯಾಂಡ್. ಅವುಗಳ ಕಂಟ್ರೋಲರ್ ಒಳಗೆ, ಹೆಬ್ಬೆರಳು ಗಾತ್ರದ ಒಂದು ಲಿಥಿಯಂ ಸೆಲ್ ಇರುತ್ತದೆ. ಮನೆ ನಡೆಸುತ್ತಿರುವ ಮೆಷೀನ್ ಈ ಸೆಲ್ಲನ್ನು ನಂಬಿಕೊಂಡಿದೆ ಎಂಬುದು ಅನೇಕ ಓನರ್‌ಗಳಿಗೆ ಗೊತ್ತಿರುವುದಿಲ್ಲ.

ಅದಕ್ಕಿರುವ ಕೆಲಸ ಇಷ್ಟೇ. ಸಿಎನ್‌ಸಿ ಇರಲಿ, ಪ್ಯಾಕಿಂಗ್ ಮೆಷೀನ್ ನಡೆಸುವ ಪಿಎಲ್‌ಸಿ ಎಂಬ ಕಂಟ್ರೋಲರ್ ಇರಲಿ, ಹಳೆಯ ಕಂಟ್ರೋಲರ್‌ಗಳ ನೆನಪು ಬಹುಪಾಲು ಎಸ್‌ರ್‍ಯಾಮ್ ಎಂಬ ಚಿಪ್ಪಿನಲ್ಲಿ. ಕರೆಂಟ್ ಇರುವವರೆಗೆ ಮಾತ್ರ ಆ ಚಿಪ್ಪಿಗೆ ನೆನಪು. ಮೇನ್ ಸ್ವಿಚ್ ಆಫ್ ಮಾಡಿದ ಕ್ಷಣದಿಂದ ಸೆಲ್ ಅದನ್ನು ಹಿಡಿದುಕೊಳ್ಳುತ್ತದೆ. ಮೆಷೀನ್ ಓಡುವಾಗ ಅದರ ಮೇಲೆ ಹೊರೆಯೇ ಇಲ್ಲವೆನ್ನಬಹುದು; ಮೆಷೀನ್ ನಿಂತಾಗಲೇ ಅದರ ಪಾಳಿ.

ಹಾಗಾಗಿಯೇ ಈ ತೊಂದರೆ ರಜೆ ಮುಗಿದ ಬೆಳಿಗ್ಗೆ ಕಾಣುವುದು. ಆಯುಧಪೂಜೆ, ವಿಜಯದಶಮಿ, ಜೊತೆಗೆ ಒಂದು ಭಾನುವಾರ ಸೇರಿದರೆ ಮೂರು ದಿನ ಪವರ್ ಇಲ್ಲ. ಸೆಲ್ ಮೊದಲೇ ಬಡವಾಗಿದ್ದರೆ ಅಷ್ಟು ಸಾಕು. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂದಾಗ ಶೆಡ್‌ಗಳು ವಾರಗಟ್ಟಲೆ ಕತ್ತಲಾಗಿದ್ದವು. ಬೀಗ ತೆಗೆದ ಮೇಲೆ ನನಗೆ ಬಂದ ಕರೆಗಳಲ್ಲಿ ಹಲವು ಒಂದೇ ಥರ: "ಸಾರ್, ಮೆಷೀನ್ ಆನ್ ಆಗುತ್ತೆ, ಸ್ಕ್ರೀನೂ ಬರುತ್ತೆ, ಒಳಗೆ ಮಾತ್ರ ಏನೂ ಇಲ್ಲ."

ಏನೂ ಇಲ್ಲ ಅಂದರೆ ಏನೆಲ್ಲ ಹೋಯಿತು? ಫ್ಯಾನುಕ್ ಕಂಟ್ರೋಲರ್ ತೆಗೆದುಕೊಳ್ಳಿ. ಅದರ ಮೂಲ ಸಾಫ್ಟ್‌ವೇರ್ ಮತ್ತು ಲ್ಯಾಡರ್ ಪ್ರೋಗ್ರಾಂ ಫ್ಲ್ಯಾಶ್ ಮೆಮೊರಿಯಲ್ಲಿರುತ್ತವೆ; ಸೆಲ್ ಸತ್ತರೂ ಅವು ಉಳಿಯುತ್ತವೆ. ಹೋಗುವುದು ಪಾರ್ಟ್ ಪ್ರೋಗ್ರಾಂ, ಟೂಲ್ ಆಫ್‌ಸೆಟ್, ಪ್ಯಾರಾಮೀಟರ್. ಪ್ರೋಗ್ರಾಂ ಮತ್ತೆ ಬರೆಯಬಹುದು, ಆಫ್‌ಸೆಟ್ ಮತ್ತೆ ಹಿಡಿಯಬಹುದು. ನನ್ನ ಹೊಟ್ಟೆ ಉರಿಯುವುದು ಪಿಚ್ ಎರರ್ ಲೆಕ್ಕ ಹೋದಾಗ. ಬಾಲ್ ಸ್ಕ್ರೂ ಎಷ್ಟೇ ನುಣುಪಾಗಿದ್ದರೂ ಉದ್ದಕ್ಕೂ ಮೈಕ್ರಾನ್‌ಗಳ ಏರುಪೇರು ಇದ್ದೇ ಇರುತ್ತದೆ. ಅದನ್ನು ಲೇಸರ್ ಇಟ್ಟು ಅಳೆದು, ಇಷ್ಟು ದೂರಕ್ಕೆ ಇಷ್ಟು ತಿದ್ದು ಎಂದು ಕಂಟ್ರೋಲರ್‌ಗೆ ತುಂಬಿರುತ್ತಾರೆ. ಆ ಅಂಕಿಗಳು ಆ ಒಂದು ಮೆಷೀನ್‌ಗೆ ಮಾತ್ರ. ಪಕ್ಕದಲ್ಲಿ ಅದೇ ಮಾಡೆಲ್ ನಿಂತಿದ್ದರೂ ಅದರ ಅಂಕಿ ಇದಕ್ಕೆ ಆಗದು. ಅಳೆದವರು ಯಾರೋ, ಈಗ ಎಲ್ಲಿದ್ದಾರೋ.

ಆದ್ದರಿಂದ ಸೆಲ್ಲಿಗೆ ಕೈ ಹಾಕುವ ಮೊದಲು ಬ್ಯಾಕಪ್. ಫ್ಯಾನುಕ್‌ನಲ್ಲಿ ಆನ್ ಮಾಡುವಾಗ ಬಲತುದಿಯ ಎರಡು ಸಾಫ್ಟ್ ಕೀ ಒತ್ತಿ ಹಿಡಿದರೆ ಬೂಟ್ ಸ್ಕ್ರೀನ್ ಬರುತ್ತದೆ. ಅಲ್ಲಿಂದ ಎಸ್‌ರ್‍ಯಾಮ್ ಪೂರ್ತಿ ಮೆಮೊರಿ ಕಾರ್ಡಿಗೆ ಇಳಿಸಬಹುದು. ಪಿಎಲ್‌ಸಿ ಆದರೆ ಲ್ಯಾಪ್‌ಟಾಪ್ ಜೋಡಿಸಿ ಪ್ರೋಗ್ರಾಂ ಎಳೆದುಕೊಳ್ಳಬೇಕು. ಒಂದು ಪ್ರತಿ ಪ್ಯಾನೆಲ್ ಒಳಗೆ, ಇನ್ನೊಂದು ಓನರ್ ಮನೆಯಲ್ಲಿ. ಇದನ್ನು ನಾನು ಹಟ ಹಿಡಿದು ಮಾಡಿಸುತ್ತೇನೆ.

ಸೆಲ್ ಬದಲಿಸಲು ಪವರ್ ಆಫ್ ಮಾಡಬೇಕೋ ಬೇಡವೋ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಫ್ಯಾನುಕ್ 0ಐ ಥರದ್ದರಲ್ಲಿ ಅರ್ಧ ನಿಮಿಷ ಆನ್ ಇಟ್ಟು, ಆಫ್ ಮಾಡಿ, ಅರ್ಧ ಗಂಟೆಯೊಳಗೆ ಹೊಸದು ಹಾಕಬೇಕು. ಅಷ್ಟು ಹೊತ್ತು ಒಳಗಿನ ಕೆಪ್ಯಾಸಿಟರ್ ಕಾಯುತ್ತದೆ. ಮಿತ್ಸುಬಿಷಿ ಕ್ಯೂ ಸೀರೀಸ್‌ನಲ್ಲಿ ಮೂರೇ ನಿಮಿಷ. ಸೀಮೆನ್ಸ್‌ನ ಹಳೆಯ ಎಸ್7-300ರಲ್ಲಿ ಪವರ್ ಇರುವಾಗಲೇ ಬದಲಿಸಬೇಕು. ಇನ್ನು ಸರ್ವೋ ಮೋಟಾರ್ ನಿಂತ ಜಾಗ ನೆನಪಿಡಲು ಫ್ಯಾನುಕ್‌ನಲ್ಲಿ ಬೇರೆ ಡಬ್ಬಿಯೇ ಇದೆ: ನಾಲ್ಕು ದಪ್ಪ ಸೆಲ್, ಒಟ್ಟು 6 ವೋಲ್ಟ್. ಅದನ್ನು ಎಮರ್ಜೆನ್ಸಿ ಸ್ಟಾಪ್ ಒತ್ತಿ, ಪವರ್ ಆನ್ ಇಟ್ಟೇ ಬದಲಿಸಬೇಕು. ಆಫ್ ಮಾಡಿ ತೆಗೆದರೆ ಆಕ್ಸಿಸ್ ತನ್ನ ಜಾಗ ಮರೆಯುತ್ತದೆ, 300ನೇ ಅಲಾರಂ ಬರುತ್ತದೆ, ರೆಫರೆನ್ಸ್ ಹೊಸದಾಗಿ ಕೂರಿಸಬೇಕು. ಆ ಡಬ್ಬಿಗೆ ಅಲ್ಕಲೈನ್ ಸೆಲ್ಲೇ ಹಾಕಿ, ಅಗ್ಗದ ಟಾರ್ಚ್ ಸೆಲ್ ಬೇಡ. ಪವರ್ ಇರುವ ಪ್ಯಾನೆಲ್ಲಿಗೆ ಕೈ ಹಾಕುವುದು ತಿಳಿದವರ ಕೆಲಸ. ಆಪರೇಟರ್ ಹುಡುಗನನ್ನು ಕಳಿಸಬೇಡಿ.

"ಮೀಟರ್ ಹಿಡಿದೆ, 3.6 ತೋರಿಸ್ತಿದೆ, ಇನ್ನೂ ಬರುತ್ತೆ ಬಿಡಿ" ಎನ್ನುವವರಿದ್ದಾರೆ. ಪಿಎಲ್‌ಸಿಗಳಲ್ಲಿ ಹೆಚ್ಚಾಗಿ ಇರುವ ಲಿಥಿಯಂ ಥಯೋನಿಲ್ ಕ್ಲೋರೈಡ್ ಸೆಲ್‌ನ ಗುಣವೇ ಹಾಗೆ: ಕೊನೆಯವರೆಗೂ ಹೆಚ್ಚುಕಡಿಮೆ 3.6 ವೋಲ್ಟ್, ಆಮೇಲೆ ಒಮ್ಮೆಲೇ ಕುಸಿತ. ಮೀಟರ್ ನಂಬಿ ಕೂರುವಂತಿಲ್ಲ. ಸ್ಕ್ರೀನ್ ಮೇಲೆ 'ಬ್ಯಾಟ್' ಎಂದು ಮಿನುಗಿದರೆ ಅಥವಾ ಪಿಎಲ್‌ಸಿಯ ಸಿಪಿಯು ಮೇಲೆ ಬ್ಯಾಟರಿ ದೀಪ ಬಂದರೆ ಆ ವಾರವೇ ಬದಲಿಸಿ. ಏನೂ ಬರದಿದ್ದರೂ ಫ್ಯಾನುಕ್‌ನವರ ಸಲಹೆ ವರ್ಷಕ್ಕೊಮ್ಮೆ. ಬೇಸಿಗೆಯಲ್ಲಿ ತಗಡಿನ ಶೆಡ್ಡಿನ ಬಿಸಿಯ ಜೊತೆಗೆ ಪ್ಯಾನೆಲ್ ಫ್ಯಾನೂ ಕೆಟ್ಟಿದ್ದರೆ ಸೆಲ್‌ನ ಆಯುಸ್ಸು ಇನ್ನೂ ಕಡಿಮೆ.

ಎಸ್‌ಪಿ ರೋಡಿನಲ್ಲಿ ಸೆಲ್ ಸಿಗುತ್ತದೆ. ಕೊಳ್ಳುವಾಗ ತಯಾರಾದ ತಿಂಗಳು ಓದಿ, ಆಮೇಲೆ ಕನೆಕ್ಟರ್ ನೋಡಿ. ಸೆಲ್ ಒಂದೇ ಆದರೂ ಕೆಂಪು, ಕಪ್ಪು ವೈರ್‌ಗಳ ಜಾಗ ಅದಲುಬದಲಾಗಿರುವುದುಂಟು. ಹಳೆಯದನ್ನು ಪಕ್ಕದಲ್ಲಿಟ್ಟು ಹೋಲಿಸಿಯೇ ಚುಚ್ಚಿ. ಹಾಕಿದ ತಾರೀಖನ್ನು ಮಾರ್ಕರ್‌ನಲ್ಲಿ ಸೆಲ್ ಮೇಲೂ ಪ್ಯಾನೆಲ್ ಬಾಗಿಲ ಒಳಗೂ ಬರೆಯಿರಿ. ಈ ಸೆಲ್ಲನ್ನು ಚಾರ್ಜ್ ಮಾಡಲು ಹೋದರೆ ಸಿಡಿಯಬಹುದು. ಹಳೆಯದರ ಎರಡು ತುದಿಗೂ ಟೇಪ್ ಸುತ್ತಿ ಇ-ತ್ಯಾಜ್ಯಕ್ಕೆ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಅದು ಕಸದ ಗಾಡಿಗೆ ಹೋಗುವಂತಿಲ್ಲ.

ಹೊಸ ಪಿಎಲ್‌ಸಿಗಳಲ್ಲಿ ಪ್ರೋಗ್ರಾಂ ಉಳಿಸಿಕೊಳ್ಳಲು ಸೆಲ್ ಬೇಕಿಲ್ಲ. ಸೀಮೆನ್ಸ್ ಎಸ್7-1200 ಅಂಥದ್ದು. ಆದರೆ ಅಬ್ಬಿಗೆರೆಯ ಶೆಡ್ಡುಗಳಲ್ಲಿ ಹಳೆಯವೇ ಇನ್ನೂ ಬಹಳ ವರ್ಷ ದುಡಿಯಲಿವೆ. ಈ ಸಲ ಮಹಾನವಮಿಗೆ ಒಂದು ವಾರ ಮೊದಲು, ಮೆಷೀನ್ ಇನ್ನೂ ಸರಿಯಿರುವಾಗಲೇ ತಿಳಿದವರಿಂದ ಪ್ಯಾನೆಲ್ ತೆಗೆಸಿ ತಾರೀಖು ನೋಡಿಸಿ.