ಕನ್ನಡಕಕ್ಕೆ ಮಂಜು ಕವಿದಾಗ

ಸಹೋದರಿಯರೇ, ನೀವು ಕನ್ನಡಕ ಧರಿಸುವವರಾದರೆ ಈ ಕಷ್ಟ ನಿಮಗೆ ಹೊಸದಲ್ಲ. ಬಿರಿಯಾನಿಯ ದಮ್ ತೆರೆಯುವಾಗ ಅಥವಾ ಅನ್ನದ ಗಂಜಿ ಬಸಿಯುವಾಗ ಕಣ್ಣೆದುರು ಒಮ್ಮೆಲೇ ಬಿಳಿ ಪರದೆ ಇಳಿಯುತ್ತದೆ. ಕೈಯಲ್ಲಿ ಬಿಸಿ ಪಾತ್ರೆ, ಕಾಲ ಬಳಿ ಆಡುವ ಮಗು. ಒಂದು ಕ್ಷಣ ಏನೂ ಕಾಣಿಸುವುದಿಲ್ಲ.

ನಿಕಾಬ್ ಧರಿಸುವವರ ಪಾಡು ಇನ್ನೂ ಹೆಚ್ಚಿನದು. ಹೊರಮಾವಿನಲ್ಲಿ ಡಿಸೆಂಬರ್, ಜನವರಿಯ ಮುಂಜಾನೆ ಮಕ್ಕಳನ್ನು ಶಾಲೆಯ ವ್ಯಾನಿಗೆ ಹತ್ತಿಸಲು ಹೊರಟರೆ ನಾಲ್ಕು ಹೆಜ್ಜೆಗೇ ಗಾಜು ಮಸುಕಾಗುತ್ತದೆ. ಒರೆಸಿದರೆ ಮರುಕ್ಷಣ ಮತ್ತೆ ಅದೇ. ಕೊನೆಗೆ ಬೇಸತ್ತು ಕನ್ನಡಕವನ್ನು ಬ್ಯಾಗಿಗೆ ಹಾಕಿ, ಅಂದಾಜಿನ ಮೇಲೆ ರಿಂಗ್ ರೋಡ್ ದಾಟುವವರಿದ್ದಾರೆ. ವಾಹನಗಳ ಆ ಓಟದ ನಡುವೆ ಇದು ಜೀವದ ಪ್ರಶ್ನೆ. ಪರ್ದಾ ಮತ್ತು ಕನ್ನಡಕ ಒಟ್ಟಿಗೆ ಸಾಗುವುದಿಲ್ಲ ಎಂದು ಭಾವಿಸಬೇಡಿ. ಎರಡರಲ್ಲಿ ಯಾವುದನ್ನೂ ಬಿಡಬೇಕಾಗಿಲ್ಲ.

ಮೊದಲು ಕಾರಣವನ್ನು ತಿಳಿಯೋಣ. ನಮ್ಮ ಉಸಿರು ಬೆಚ್ಚಗಿದ್ದು, ಅದರಲ್ಲಿ ನೀರಾವಿ ತುಂಬಿರುತ್ತದೆ. ಅದು ತಣ್ಣನೆಯ ಗಾಜಿಗೆ ತಗುಲಿದೊಡನೆ ಸಣ್ಣ ಸಣ್ಣ ಹನಿಗಳಾಗಿ ಕೂರುತ್ತದೆ. ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುವುದೂ ಹೀಗೆಯೇ. ಈ ಹನಿಗಳು ಬೆಳಕನ್ನು ದಿಕ್ಕು ದಿಕ್ಕಿಗೆ ಚದುರಿಸುವುದರಿಂದ ಗಾಜು ಬೆಳ್ಳಗಾಗುತ್ತದೆ. ವಸ್ತುಗಳಿಂದ ಹೊರಟ ಬೆಳಕು ಕಣ್ಣನ್ನು ಸೇರಿದಾಗ ನಮಗೆ ನೋಟ ಉಂಟಾಗುತ್ತದೆ ಎಂಬುದನ್ನು 11ನೇ ಶತಮಾನದಲ್ಲೇ ‘ಕಿತಾಬುಲ್ ಮನಾಝಿರ್’ ಗ್ರಂಥದಲ್ಲಿ ವಿವರಿಸಿದವರು ಬಸರಾದಲ್ಲಿ ಜನಿಸಿದ ಇಬ್ನುಲ್ ಹೈಸಮ್. ಆ ಬೆಳಕಿನ ದಾರಿಗೆ ಈ ಹನಿಗಳು ಅಡ್ಡ ಬರುತ್ತವೆ.

ಹನಿಗಳು ಬಿಡಿಬಿಡಿಯಾಗಿ ನಿಲ್ಲದೆ ತೆಳುವಾದ ಒಂದೇ ಪದರವಾಗಿ ಹರಡಿದರೆ ಬೆಳಕು ನೇರವಾಗಿ ಹಾದುಬರುತ್ತದೆ. ಆ ಕೆಲಸವನ್ನು ಸಾಬೂನು ಮಾಡುತ್ತದೆ. 1966ರ ಜೂನ್‌ನಲ್ಲಿ ಅಮೆರಿಕದ ಜೆಮಿನಿ 9 ನೌಕೆಯಿಂದ ಹೊರಬಂದ ಗಗನಯಾತ್ರಿ ಯೂಜೀನ್ ಸೆರ್ನನ್ ಅವರ ಶಿರಸ್ತ್ರಾಣದ ಗಾಜಿಗೂ ಮಂಜು ಕವಿದು, ಅವರು ಹೆಚ್ಚುಕಡಿಮೆ ಕಾಣದವರಂತೆ ನೌಕೆಗೆ ಮರಳಬೇಕಾಯಿತು. ಮುಖಕ್ಕೆ ಮಾಸ್ಕ್ ಕಟ್ಟಿ ದುಡಿಯುವ ಶಸ್ತ್ರಚಿಕಿತ್ಸಕರಿಗೂ ಈ ತೊಂದರೆ ತಪ್ಪಿದ್ದಲ್ಲ. ಕನ್ನಡಕವನ್ನು ಸಾಬೂನು ನೀರಿನಲ್ಲಿ ತೊಳೆಯುವ ಸರಳ ಉಪಾಯ 2011ರಲ್ಲಿ ಇಂಗ್ಲೆಂಡಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನ ಪತ್ರಿಕೆಯಲ್ಲಿ ಪ್ರಕಟವಾಯಿತು. 2020ರಲ್ಲಿ ಕೊರೋನಾ ಬಂದು ಎಲ್ಲರೂ ಮಾಸ್ಕ್ ಧರಿಸಿದಾಗ ಇದು ಮನೆಮನೆಯ ಮಾತಾಯಿತು.

ನೀವು ಮಾಡಬೇಕಾದುದಿಷ್ಟು. ಫಜ್ರ್‌ನ ವುಝೂವಿಗೆ ಕನ್ನಡಕ ತೆಗೆದಿಡುತ್ತೀರಲ್ಲವೇ? ಆಗಲೇ ಪಾತ್ರೆ ತೊಳೆಯುವ ದ್ರವದ ಒಂದು ಹನಿಯನ್ನು ತಣ್ಣೀರಿನಲ್ಲಿ ಕದಡಿ, ಬೆರಳ ತುದಿಯಿಂದ ಗಾಜಿನ ಎರಡೂ ಬದಿಗೆ ಮೆಲ್ಲನೆ ಸವರಿ ತೊಳೆಯಿರಿ. ನೀರನ್ನು ಕೊಡವಿ ಹಾಗೆಯೇ ಆರಲು ಬಿಡಿ. ನಮಾಝ್ ಮುಗಿಯುವಷ್ಟರಲ್ಲಿ ಅದು ಸಿದ್ಧ. ಈ ಪದರ ಬಹಳ ಹೊತ್ತು ಉಳಿಯುವುದಿಲ್ಲ, ಆದ್ದರಿಂದ ದಿನವೂ ಮಾಡಬೇಕು. ಬಿಸಿನೀರು, ಪಾತ್ರೆ ತಿಕ್ಕುವ ಪುಡಿ, ಟೂತ್‌ಪೇಸ್ಟ್ ಬೇಡ. ಅವು ಗಾಜಿನ ಮೇಲಿನ ಲೇಪವನ್ನು ಕೆಡಿಸುತ್ತವೆ. ದುಪಟ್ಟಾದ ಅಂಚಿನಿಂದ ಒಣಗಾಜನ್ನು ಉಜ್ಜುವ ಅಭ್ಯಾಸವನ್ನೂ ಬಿಡಿ. ಧೂಳಿನ ಕಣ ಗೀರು ಬೀಳಿಸುತ್ತದೆ.

ಉಸಿರು ಮೇಲಕ್ಕೆ ಹೋಗದಂತೆ ತಡೆಯುವುದು ಎರಡನೆಯ ಉಪಾಯ. ನಿಕಾಬ್‌ನ ಮೇಲಂಚು ಮೂಗಿನ ಮೇಲೆ ಒತ್ತಿ ಕೂರಲಿ. ಕನ್ನಡಕ ಆ ಬಟ್ಟೆಯ ಮೇಲೆ ಬರಲಿ. ಹೊಲಿಗೆ ಬಲ್ಲವರು ಮಾಸ್ಕ್‌ನಲ್ಲಿರುವಂತಹ ಬಾಗುವ ತೆಳುಪಟ್ಟಿಯನ್ನು ಅಂಚಿನೊಳಗೆ ಸೇರಿಸಬಹುದು. ಅದರ ತುದಿಗಳು ಚುಚ್ಚದಂತೆ ಮಡಚಿರಬೇಕು.

ಒಲೆಯ ಬಳಿ ಮುಚ್ಚಳವನ್ನು ನಿಮ್ಮಿಂದಾಚೆಗೆ ವಾಲಿಸಿ ತೆರೆಯಿರಿ. ಗಾಜು ತಿಳಿಯಾಗುವವರೆಗೆ ಪಾತ್ರೆ ಎತ್ತಬೇಡಿ. ಎ.ಸಿ. ಬಸ್ಸಿನಲ್ಲಿ ರಾತ್ರಿ ಪ್ರಯಾಣಿಸಿ ಮಂಗಳೂರಿನಲ್ಲಿ ಇಳಿದರೆ, ಅಲ್ಲಿಯ ತೇವಭರಿತ ಗಾಳಿಗೆ ತಣ್ಣಗಿನ ಗಾಜು ಕೂಡಲೇ ಮಸುಕಾಗುತ್ತದೆ. ಗಾಜು ಬೆಚ್ಚಗಾಗುವವರೆಗೆ ನಿಲ್ದಾಣದಲ್ಲೇ ನಿಂತು ನಂತರ ರಸ್ತೆ ದಾಟಿ. ಮಂಜು ತಡೆಯುವ ಸ್ಪ್ರೇ, ವಿಶೇಷ ಬಟ್ಟೆಗಳು ಅಂಗಡಿಯಲ್ಲೂ ಸಿಗುತ್ತವೆ. ಆದರೆ ನಿಮ್ಮ ಗಾಜಿನ ಲೇಪಕ್ಕೆ ಅವು ಹೊಂದುತ್ತವೆಯೇ ಎಂದು ಕನ್ನಡಕದಂಗಡಿಯವರನ್ನು ಕೇಳಿಕೊಳ್ಳಿ.

ಇನ್ನೊಂದು ಮಾತು ನಿಮ್ಮ ಮನೆಯ ಹಿರಿಯರ ಕುರಿತು. ಅಮ್ಮಿಯೋ ದಾದಿಯೋ ದಿನವಿಡೀ ಕನ್ನಡಕ ಒರೆಸುತ್ತಾ, “ಗಾಜೇ ಸರಿಯಿಲ್ಲ” ಎನ್ನುತ್ತಿದ್ದರೆ ಹಗುರವಾಗಿ ಕಾಣಬೇಡಿ. ಆವಿಯ ಮಸುಕು ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಶುಭ್ರವಾಗಿ ತೊಳೆದ ಗಾಜಿನಲ್ಲೂ ಹೊಗೆಯಂತೆ ಕಂಡರೆ, ರಾತ್ರಿ ದೀಪದ ಸುತ್ತ ಬಳೆ ಕಂಡರೆ ಅದು ಕಣ್ಣಿನ ಪೊರೆ ಇರಬಹುದು. ಬೇರೆ ಕಾಯಿಲೆಯೂ ಇರಬಹುದು. ಕಣ್ಣು ಕೆಂಪಾಗಿ ನೋವು ಇದ್ದರಂತೂ ಒಂದು ದಿನವೂ ತಡ ಮಾಡಬಾರದು. ಬೆಂಗಳೂರಿನಲ್ಲಿ 1896ರಲ್ಲಿ ಆರಂಭವಾದ ಮಿಂಟೋ ಸರಕಾರಿ ಕಣ್ಣಾಸ್ಪತ್ರೆ ಇದೆ. ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು.

ಕಣ್ಣು ಅಲ್ಲಾಹನು ನಮ್ಮ ಕೈಗೊಪ್ಪಿಸಿದ ಅಮಾನತು. ನಿಮ್ಮ ಕಣ್ಣಿಗೆ ದಿನಕ್ಕೆ ಎರಡು ನಿಮಿಷ ಕೊಡಿ. ಹಿರಿಯರ ಕಣ್ಣಿಗಾಗಿ ಈ ವಾರವೇ ಒಂದು ದಿನ ಬಿಡುವು ಮಾಡಿಕೊಳ್ಳಿ.