ಕೊಟ್ಟದ್ದೇ ಉಳಿತಾಯ!

ದಾಸವಾಳದ ಕಡ್ಡಿ ಮುರಿದು ನೆರೆಮನೆಗೆ ಕೊಡುವುದು ನಮ್ಮಲ್ಲಿ ವಾಡಿಕೆ, ಅಲ್ಲವೇ ಮಕ್ಕಳೇ? ಅಮೆರಿಕದಲ್ಲಿ ಗಾಜಿನ ತೊಟ್ಟಿಯ ಉಪ್ಪುನೀರಿನಲ್ಲಿ ಕಲ್ಲುಹವಳ ಸಾಕುವವರೂ ಕೂಟ ಕಟ್ಟಿಕೊಂಡು ಹೀಗೆಯೇ ತುಣುಕು ಹಂಚಿಕೊಳ್ಳುತ್ತಾರೆ.

ಹವಳ ಗಿಡವಲ್ಲ, ಕಲ್ಲೂ ಅಲ್ಲ. ಪುಟ್ಟ ಪ್ರಾಣಿಗಳ ವಠಾರ. ನೀರಿನಲ್ಲಿ ಕರಗಿದ ಸುಣ್ಣದಿಂದ ಅವು ಗೂಡು ಕಟ್ಟುತ್ತವೆ. ಮೈಯೊಳಗೆ ಬಾಡಿಗೆಗಿರುವ ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಉಣಿಸುತ್ತದೆ. ನೀರು ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ವಾರಗಟ್ಟಲೆ ಹಾಗೇ ಉಳಿದರೆ ಪಾಚಿ ಹೊರಬಿದ್ದು, ಹವಳ ಬಿಳಿಚಿ ಸಾಯಬಹುದು. ಆಗ, ಹಿಂದೆ ತುಣುಕು ಪಡೆದ ಗೆಳೆಯ ಒಂದು ಚೂರು ಮರಳಿಸುತ್ತಾನೆ. ಕೊಟ್ಟದ್ದೇ ಉಳಿತಾಯ!

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಲ್ಲುಹವಳಕ್ಕೆ ಹುಲಿಯಷ್ಟೇ ರಕ್ಷಣೆ ಕೊಟ್ಟಿದೆ. ಕೀಳುವಂತಿಲ್ಲ, ಮನೆಗೆ ತರುವಂತಿಲ್ಲ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಹವಳ ಕಂಡರೆ ಕಣ್ತುಂಬ ನೋಡಿ, ಮುಟ್ಟಬೇಡಿ.