ಲಾವಂಚ

ಹುಲ್ಲೆಂದರೆ ತುಳಿದು ನಡೆಯತಕ್ಕದ್ದು, ದನಕ್ಕೆ ಹಾಕತಕ್ಕದ್ದು ಎಂಬುದು ನಮ್ಮ ಸಾಮಾನ್ಯ ಎಣಿಕೆ. ಆದರೆ ನಾವುಣ್ಣುವ ಭತ್ತ, ರಾಗಿಗಳೂ, ಕಬ್ಬು, ಬಿದಿರುಗಳೂ ತೃಣಕುಲಕ್ಕೇ ಸೇರಿದವು. ಈ ಕುಲದಲ್ಲಿ ಅನೇಕರು ಮೂಗಿನಿಂದ ಬಲ್ಲ, ಆದರೆ ಕೆಲವರೇ ಕಣ್ಣಾರೆ ಕಂಡ ಹುಲ್ಲೊಂದಿದೆ. ಅದೇ ಲಾವಂಚ. ಬೇಸಗೆಯಲ್ಲಿ ತಟ್ಟಿ ಕಟ್ಟಿ ನೀರು ಚಿಮುಕಿಸಿದಾಗ ತಂಪಿನೊಡನೆ ಬರುವ ಪರಿಮಳ ಇದರ ಬೇರಿನದು. ಸಂಸ್ಕೃತದಲ್ಲಿ ಇದನ್ನು ಉಶೀರವೆನ್ನುತ್ತಾರೆ.

ಸಸ್ಯಶಾಸ್ತ್ರಜ್ಞರು ಇದನ್ನು ಬಹುಕಾಲ ವೆಟಿವೇರಿಯ ಜಿಜನಿಯಾಯ್ಡಿಸ್ ಎಂದು ಕರೆಯುತ್ತಿದ್ದರು. ಈಗ ಕ್ರೈಸೊಪೋಗನ್ ಜಿಜನಿಯಾಯ್ಡಿಸ್ ಎನ್ನುತ್ತಾರೆ. ಹಳೆಯ ಹೆಸರಿನ ಮೊದಲ ಭಾಗ ತಮಿಳಿನ 'ವೆಟ್ಟಿವೇರ್' ಎಂಬ ಮಾತಿನಿಂದ ಬಂದುದು.

ಇದು ಬಹುವಾರ್ಷಿಕ ಸಸ್ಯ. ರಾಗಿ ತೆಂಡೆ ಒಡೆದಂತೆ ಒಂದೇ ಬುಡದಿಂದ ಅನೇಕ ಕಾಂಡಗಳು ಒತ್ತೊತ್ತಾಗಿ ಎದ್ದು, ಆಳೆತ್ತರವನ್ನೂ ಮೀರಿದ ಹೊದರಾಗುತ್ತದೆ. ನಾನು ಒಂದು ಹೊದರನ್ನು ಬಿಡಿಸಿ ನೋಡಿದಾಗ, ಬುಡದ ಎಲೆಯೊರೆಗಳು ಚಪ್ಪಟೆಯಾಗಿ ಒಂದರೊಳಗೊಂದು ಹೆಣೆದುಕೊಂಡಿದ್ದವು. ಎಲೆ ಉದ್ದ, ಕಿರಿದು, ಬಿರುಸು. ಅಂಚನ್ನು ಮುಟ್ಟಿದರೆ ಒರಟು. ಹೂಗೊಂಚಲಿನ ನಡುದಂಟಿನ ಸುತ್ತ ಕವಲುಗಳು ಸುತ್ತುಸುತ್ತಾಗಿ ಹೊರಡುತ್ತವೆ. ಅವುಗಳ ಮೇಲಿನ ಕಿರುತೆನೆಗಳು ಜೋಡಿಜೋಡಿಯಾಗಿದ್ದು, ತೊಟ್ಟಿಲ್ಲದ್ದು ದ್ವಿಲಿಂಗಿ, ತೊಟ್ಟುಳ್ಳದ್ದು ಗಂಡು.

ಗರಿಕೆಯೊಡನೆ ಹೋಲಿಸಿದರೆ ಲಾವಂಚದ ಗುಣ ತಿಳಿಯುತ್ತದೆ. ಗರಿಕೆ ನೆಲದ ಮೇಲೆ ಹಬ್ಬಿ, ಗಿಣ್ಣುಗಿಣ್ಣಿಗೆ ಬೇರೂರಿ ಪಕ್ಕದ ಹೊಲಕ್ಕೂ ನುಗ್ಗುತ್ತದೆ. ಲಾವಂಚಕ್ಕೆ ಹಾಗೆ ಹರಿಯುವ ಬಳ್ಳಿಯಿಲ್ಲ. ಅದರ ಬೇರುಗಳು ನೇರವಾಗಿ ಕೆಳಗಿಳಿದು, ಒಳ್ಳೆಯ ಮಣ್ಣಿನಲ್ಲಿ ಎರಡು ಮೂರು ಮೀಟರು ಆಳಕ್ಕೂ ಹೋಗುತ್ತವೆ. ದಕ್ಷಿಣ ಭಾರತದಲ್ಲಿ ಬೆಳೆಸುವ ಬಗೆ ಮೊಳೆಯುವ ಬೀಜವನ್ನು ಕೊಡುವುದೇ ಅಪರೂಪವಾದ್ದರಿಂದ ಬುಡವನ್ನು ಸೀಳಿಯೇ ನೆಡಬೇಕು. ಆದುದರಿಂದ ಅದು ನೆಟ್ಟಲ್ಲೇ ನಿಲ್ಲುತ್ತದೆ, ಕಳೆಯಾಗುವುದಿಲ್ಲ. ಮಳೆನೀರು ತಂದ ಮಣ್ಣು ಸಾಲಾಗಿ ನೆಟ್ಟ ಹೊದರಿಗೆ ತಡೆದು ನಿಲ್ಲುತ್ತದೆ. ಬುಡ ಹೂತುಹೋದರೆ ಮೇಲಿನ ಗಿಣ್ಣುಗಳಲ್ಲಿ ಹೊಸ ಬೇರೊಡೆದು ಹುಲ್ಲೂ ಮಣ್ಣಿನೊಡನೆ ಮೇಲೇರುತ್ತದೆ.

ಈ ಗುಣವನ್ನು ಮೊದಲು ಕಂಡವರು ಪಂಡಿತರಲ್ಲ. ಮೈಸೂರು ಸೀಮೆಯ ಗುಂಡ್ಲುಪೇಟೆಯ ಕಡೆಯ ರೈತರು ಬಹುಕಾಲದಿಂದ ಇದನ್ನು ಹೊಲದ ಎಲ್ಲೆಗೆ ನೆಡುತ್ತಿದ್ದರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಕೃಷಿತಜ್ಞರಾದ ರಿಚರ್ಡ್ ಗ್ರಿಮ್‌ಷಾ, ಜಾನ್ ಗ್ರೀನ್‌ಫೀಲ್ಡ್ ಅವರು ಲಾವಂಚದ ಬೇಲಿಯನ್ನು ಮಣ್ಣಿನ ಸವಕಳಿಗೆ ಪರಿಹಾರವೆಂದು ಸಾರಿದ ಮೇಲೆ ಅದು ಅನೇಕ ದೇಶಗಳಲ್ಲಿ ಹರಡಿತು.

ಆದರೆ ಇಲ್ಲೊಂದು ತೊಡಕಿದೆ. ಪರಿಮಳ ಬೇಕಾದರೆ ಬೇರನ್ನು ಅಗೆಯಬೇಕು. ಮಣ್ಣು ಉಳಿಯಬೇಕಾದರೆ ಬೇರನ್ನು ಬಿಡಬೇಕು. ಇಳಿಜಾರಿನಲ್ಲಿ ಅಗೆದರೆ, ಬೇರು ಹಿಡಿದಿಟ್ಟಿದ್ದ ಮಣ್ಣೇ ಸಡಿಲವಾಗಿ ಮುಂದಿನ ಮಳೆಗೆ ಕೊಚ್ಚಿಹೋಗುತ್ತದೆ. ಆದ್ದರಿಂದ ಎಣ್ಣೆಗೂ ತಟ್ಟಿಗೂ ಬೇಕಾದುದನ್ನು ಸಮತಟ್ಟಾದ ನೆಲದಲ್ಲಿ ಬೇರೆಯಾಗಿ ಬೆಳೆಯುವುದೇ ಲೇಸೆಂದು ನನ್ನ ಅಭಿಪ್ರಾಯ. ಬದುವಿನ ಲಾವಂಚ ಬದುವಿನಲ್ಲೇ ಇರಲಿ. ಅದರ ಬೇರಿನ ಬೆಲೆಯನ್ನು ಗಂಧದಿಂದ ಮಾತ್ರ ಅಳೆಯುವುದು ಸರಿಯಲ್ಲ.